ಕಾಲು ಪರ್ಸೆಂಟಿನ ಹಬ್ಬ

2025ರ ಜೂನ್ 20, ಶುಕ್ರವಾರ. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಸೊಲ್ಲೆಂಟೂನಾದ ಒಂದು ಫ್ಲ್ಯಾಟಿನಲ್ಲಿ ರಾತ್ರಿಯ ಊಟ ಮುಗಿದಿತ್ತು, ರಾತ್ರಿ ಮಾತ್ರ ಆಗಿರಲಿಲ್ಲ. ಒಂಬತ್ತು ಗಂಟೆಗೂ ಬಾಲ್ಕನಿಯಲ್ಲಿ ಬಿಸಿಲು. ಸ್ವೀಡನ್ನಿನವರ ದೊಡ್ಡ ಹಬ್ಬ ಮಿಡ್‌ಸೊಮ್ಮಾರ್‌ನ ಮುನ್ನಾದಿನ ಅದು. ಹಬ್ಬದ ಗದ್ದಲವೆಲ್ಲ ನಡೆಯುವುದೂ ಮುನ್ನಾದಿನವೇ. ಮೇಜಿನ ಮೇಲೆ ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿದ ಎಳೆ ಆಲೂಗಡ್ಡೆ, ಹುಳಿ ಕೆನೆ, ಸ್ಟ್ರಾಬೆರಿ, ಪಕ್ಕದಲ್ಲಿ ದಾವಣಗೆರೆಯಿಂದ ಬಂದ ಶೇಂಗಾ ಚಟ್ನಿಪುಡಿ. ವಿನೆಗರಿನಲ್ಲಿ ನೆನೆಹಾಕಿದ ಹೆರಿಂಗ್ ಮೀನಿನ ಬಾಟಲಿ ಮಾತ್ರ ತಂದೆಯ ಕಣ್ಣಿಗೆ ಬೀಳದಂತೆ ಫ್ರಿಜ್ಜಿನಲ್ಲೇ ಉಳಿದಿತ್ತು. ತಂದೆ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಮಗಳು ಕಿಸ್ತಾದಲ್ಲಿ ಸಾಫ್ಟ್‌ವೇರ್ ಕೆಲಸದವಳು. ಅಳಿಯ ಒಳಕೋಣೆಯಲ್ಲಿ ದಪ್ಪ ಪರದೆ ಎಳೆದು ಮೊಮ್ಮಗನನ್ನು ಮಲಗಿಸಲು ಹೆಣಗುತ್ತಿದ್ದ. ನಾನು ಅತಿಥಿ. ಮಾತು ಹಬ್ಬದ ಕಂಬದಿಂದ ಶುರುವಾಗಿ ಮನೆ ಸಾಲದ ಕಂತಿಗೆ ಹೊರಳಿತು. ಬ್ಯಾಂಕಿನವರ ಮನೆಯಲ್ಲಿ ಅದು ಬೇರೆಲ್ಲಿಗೆ ಹೊರಳೀತು?

ತಂದೆ: ಅಷ್ಟು ದೊಡ್ಡ ಕಂಬ ಎತ್ತಿ ನಿಲ್ಲಿಸಿದ್ರಲ್ಲ, ಅದಕ್ಕೆ ಪೂಜೆಗೀಜೆ ಏನೂ ಇಲ್ವಾ?

ಮಗಳು: ಇಲ್ಲ ಅಪ್ಪಾಜಿ. ಎಲೆ, ಹೂವು ಸುತ್ತೋದು, ಎಲ್ಲರೂ ಕೈ ಹಾಕಿ ಎತ್ತೋದು, ಸುತ್ತ ಕುಣಿಯೋದು, ಅಷ್ಟೇ. ಫಲವಂತಿಕೆಯ ಸಂಕೇತ ಅಂತ ಕೆಲವರು ಹೇಳ್ತಾರೆ. ತಿಳಿದವರು ಅದನ್ನ ಒಪ್ಪಲ್ಲ, ಮಧ್ಯಯುಗದ ಕೊನೆಗೆ ಜರ್ಮನಿ ಕಡೆಯಿಂದ ಬಂದ ಪದ್ಧತಿ ಅಂತಾರೆ.

ತಂದೆ: ಸೂಟುಬೂಟು ಹಾಕ್ಕೊಂಡ ಗಂಡಸರು ಕಪ್ಪೆ ಥರ ಕುಪ್ಪಳಿಸಿದ್ದು ನೋಡಿ ನನಗೇ ಸಂಕೋಚ ಆಯ್ತು.

ಮಗಳು: ನೀವೂ ಎರಡು ಸಲ ಕುಪ್ಪಳಿಸಿದ್ರಿ. ಫೋಟೋ ಇದೆ.

ತಂದೆ: ಮೊಮ್ಮಗ ಕೈ ಎಳೆದ, ಅದಕ್ಕೆ. ಹೊತ್ತು ಮುಳುಗೋದು ಎಷ್ಟೊತ್ತಿಗೆ?

ಮಗಳು: ಹತ್ತು ದಾಟಿದ ಮೇಲೆ. ಮೂರೂವರೆಗೆ ಮತ್ತೆ ಹುಟ್ಟುತ್ತೆ. ಹದಿನೆಂಟೂವರೆ ಗಂಟೆ ಹಗಲು. ಉತ್ತರಕ್ಕೆ ಕಿರೂನಾ ಕಡೆ ಹೋದ್ರೆ ಈಗ ಮುಳುಗೋದೇ ಇಲ್ಲ.

ತಂದೆ: ನಮ್ಮಲ್ಲಿ ವರ್ಷದ ಉದ್ದದ ಹಗಲು ಅಂದ್ರೂ ಹದಿಮೂರು ಗಂಟೆ. ಅದಕ್ಕೊಂದು ಹಬ್ಬ ಬೇಕು ಅಂತ ಯಾರಿಗೂ ಅನಿಸಿಲ್ಲ.

ಮಗಳು: ಇಲ್ಲಿ ಡಿಸೆಂಬರಿನಲ್ಲಿ ಸಿಗೋದು ಆರು ಗಂಟೆ ಬೆಳಕು, ಅದೂ ಮೋಡದ ಹಿಂದೆ. ಮೂರು ಗಂಟೆಗೆ ಕತ್ತಲು. ಒಂದು ಚಳಿಗಾಲ ಇಲ್ಲಿ ಕಳೆದ್ರೆ ನೀವೂ ಕಂಬ ಎತ್ತೋಕೆ ಹೋಗ್ತೀರಿ.

ತಂದೆ: ದಕ್ಷಿಣಾಯನ ಇನ್ನೂ ಬಂದಿಲ್ಲವಲ್ಲ. ನಮ್ಮ ಪಂಚಾಂಗದಲ್ಲಿ ಕರ್ಕಾಟಕ ಸಂಕ್ರಮಣ ಜುಲೈ 16ಕ್ಕೆ.

ಮಗಳು: ಪಂಚಾಂಗ ಏನಾದ್ರೂ ಹೇಳಲಿ, ಸೂರ್ಯ ತಿರುಗೋದು ನಾಳೆ ಬೆಳಗಿನ ಜಾವ 4.42ಕ್ಕೆ. ನಿಮ್ಮ ಲೆಕ್ಕ ಮೂರು ವಾರಕ್ಕಿಂತ ಹಿಂದಿದೆ. ಇವರದೂ ಸರಿ ಇಲ್ಲ ಬಿಡಿ. ಹಿಂದೆ ಜೂನ್ 24, ಯೋಹಾನನ ಹಬ್ಬದ ದಿನ ಮಾಡ್ತಿದ್ರು. 1953ರಲ್ಲಿ ವಾರದ ನಡುವೆ ಹಬ್ಬ ಬಂದ್ರೆ ಕೆಲಸ ಕೆಡುತ್ತೆ ಅಂತ 19ರಿಂದ 25ರೊಳಗೆ ಬೀಳೋ ಶುಕ್ರವಾರಕ್ಕೆ ಮುನ್ನಾದಿನವನ್ನ ಕಟ್ಟಿಹಾಕಿದ್ರು. ಈ ವರ್ಷ ಏನೋ ಸೂರ್ಯನೂ ಶುಕ್ರವಾರವೂ ಹತ್ತಿರ ಹತ್ತಿರ ಬಂದಿವೆ.

ತಂದೆ: ಸೂರ್ಯನನ್ನೂ ವೀಕೆಂಡಿಗೆ ಹೊಂದಿಸಿಕೊಂಡ್ರು ಅನ್ನು. ಬ್ಯಾಂಕಿನವರೇ ಮಾಡಿರಬೇಕು ಈ ಲೆಕ್ಕ.

ಮಗಳು: ಬ್ಯಾಂಕು ಅಂದದ್ದಕ್ಕೆ ನೆನಪಾಯ್ತು. ಮೊನ್ನೆ ಬುಧವಾರ ಇಲ್ಲಿನ ಕೇಂದ್ರ ಬ್ಯಾಂಕು ರಿಕ್ಸ್‌ಬ್ಯಾಂಕ್ ದರ ಇಳಿಸಿತು, 2.25ರಿಂದ 2ಕ್ಕೆ. ನಮ್ಮ ಸಾಲ ಮೂರು ತಿಂಗಳಿಗೊಮ್ಮೆ ಬಡ್ಡಿ ಬದಲಾಗೋ ಥರದ್ದು. ಕಾಲು ಪರ್ಸೆಂಟು ನಮಗೂ ಇಳಿಯುತ್ತೆ.

ತಂದೆ: ನಮ್ಮ ರಿಸರ್ವ್ ಬ್ಯಾಂಕೂ ಈ ತಿಂಗಳು 6ನೇ ತಾರೀಕು ರೆಪೊ ದರ 6ರಿಂದ 5.5ಕ್ಕೆ ತಂತು, ಒಂದೇ ಏಟಿಗೆ ಅರ್ಧ. 2022ರಲ್ಲಿ ಏರಿಸೋಕೆ ಶುರುಮಾಡಿದ್ದೂ ಜೋಡಿಯಾಗೇ. ಇವರು ಏಪ್ರಿಲ್ ಕೊನೆಗೆ ಘೋಷಿಸಿದ್ರು, ನಮ್ಮವರು ಮೇ 4ಕ್ಕೆ. ಸರಿ, ನಿನ್ನ ಸಾಲ ಎಷ್ಟುಳಿದಿದೆ?

ಮಗಳು: ಮೂವತ್ತು ಲಕ್ಷ ಕ್ರೋನರ್. 2019ರಲ್ಲಿ ನಲವತ್ತು ಲಕ್ಷಕ್ಕೆ ಕೊಂಡಿದ್ವಿ, ಮೂವತ್ನಾಲ್ಕು ಸಾಲ. ನೂರಕ್ಕೆ 85ಕ್ಕಿಂತ ಹೆಚ್ಚು ಮನೆಯ ಮೇಲೆ ಕೊಡಬಾರದು ಅಂತ 2010ರಲ್ಲೇ ಮಿತಿ ಹಾಕಿದ್ದಾರೆ. ಕಾಲು ಪರ್ಸೆಂಟು ಇಳಿದ್ರೆ ವರ್ಷಕ್ಕೆ ಏಳೂವರೆ ಸಾವಿರ ಉಳಿಯುತ್ತೆ. ಆ ದುಡ್ಡಿಗೆ ಒಂದು ದಾರಿಯನ್ನೂ ನೋಡಿಟ್ಟಿದ್ದೀನಿ. ಮುಂದಿನ ಮಿಡ್‌ಸೊಮ್ಮಾರ್‌ಗೆ ದಾಲಾರ್ನಾ ಪ್ರಾಂತ್ಯಕ್ಕೆ ಹೋಗೋದು. ಸಿಲ್ಯಾನ್ ಸರೋವರದ ದಡದಲ್ಲಿ ಲೆಕ್ಸಾಂಡ್ ಅಂತ ಊರು, ಅಲ್ಲಿ ಕಂಬ ಎತ್ತೋದನ್ನ ನೋಡೋಕೆ ಸಾವಿರಗಟ್ಟಲೆ ಜನ ಸೇರ್ತಾರೆ. ಒಂದು ಕೆಂಪು ಮರದ ಮನೆ, ವಾರಕ್ಕೆ ಬಾಡಿಗೆ.

ತಂದೆ: ಏಳೂವರೆ ಎಲ್ಲಿಂದ ಬಂತು? ಬಡ್ಡಿಯಲ್ಲಿ ನೂರಕ್ಕೆ ಮೂವತ್ತು ತೆರಿಗೆಯಲ್ಲಿ ವಾಪಸ್ ಬರುತ್ತೆ ಅಂತ ಹೋದ ಸಲ ನೀನೇ ಹೇಳಿದ್ದೆ. ಬಡ್ಡಿ ಇಳಿದ್ರೆ ಆ ವಾಪಸೂ ಇಳಿಯುತ್ತೆ. ನಿನಗೆ ನಿಜವಾಗಿ ಉಳಿಯೋದು ಐದು ಸಾವಿರದ ಇನ್ನೂರೈವತ್ತು. ಆ ಮನೆಯ ಬಾಡಿಗೆಗೆ ಸಾಕಾಗೋದು ಅನುಮಾನ.

ಮಗಳು: (ನಗುತ್ತ) ನಿವೃತ್ತಿಯಾಗಿ ಇಷ್ಟು ವರ್ಷ ಆದ್ರೂ ಆಡಿಟ್ ನಿಂತಿಲ್ಲ.

ತಂದೆ: ಸಾಲ ಇರೋ ತನಕ ಆಡಿಟ್ ನಿಲ್ಲಬಾರದು. ಆ ಐದು ಸಾವಿರವನ್ನ ಅಸಲಿಗೆ ಹಾಕು. ಕಂತು ಇಳೀತು ಅಂತ ಕೈ ಸಡಿಲ ಬಿಡಬೇಡ, ಹಳೇ ಕಂತಿನಷ್ಟೇ ಕಟ್ಟುತ್ತಾ ಹೋಗು. ನಮ್ಮ ಕಡೆಯ ಲೆಕ್ಕ ಕೇಳು. ಐವತ್ತು ಲಕ್ಷ ಸಾಲ, ಎಂಟೂವರೆ ಪರ್ಸೆಂಟು, ಇಪ್ಪತ್ತು ವರ್ಷ. ಇಎಂಐ 43,391 ರೂಪಾಯಿ. ಕೊನೆಗೆ ಕಟ್ಟಿದ್ದು ಒಟ್ಟು ಒಂದು ಕೋಟಿ ನಾಲ್ಕು ಲಕ್ಷ, ಅಸಲಿಗಿಂತ ಬಡ್ಡಿಯೇ ಹೆಚ್ಚು. ಅದೇ ಮನುಷ್ಯ ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟಿದ್ರೆ ಸುಮಾರು ಮೂರೂವರೆ ವರ್ಷ ಮುಂಚೆ ಸಾಲ ಖುಲ್ಲಾ. ಬಡ್ಡಿಯಲ್ಲಿ ಹತ್ತು ಲಕ್ಷದ ಆಸುಪಾಸು ಉಳಿತಾಯ. ಕೌಂಟರಿನಲ್ಲಿ ಕೂತು ಎಷ್ಟು ಜನಕ್ಕೆ ಹೇಳಿದ್ದೀನೋ. ಕೇಳಿದವರು ಕಡಿಮೆ.

ಮಗಳು: ಆ ಲೆಕ್ಕ ಎಂಟೂವರೆ ಪರ್ಸೆಂಟಿಗೆ ಸರಿ. ನನ್ನ ಬಡ್ಡಿ ಈಗ 2.9. ತೆರಿಗೆ ಕಳೆದ್ರೆ ಕೈಗೆ ಬೀಳೋ ಭಾರ ಎರಡರ ಹತ್ತಿರ. ಅದನ್ನ ಅವಸರ ಮಾಡಿ ತೀರಿಸಿದ್ರೆ ನನಗೆ ಬರೋ ಲಾಭವೂ ಎರಡೇ. ಇಂಡೆಕ್ಸ್ ಫಂಡಿಗೆ ಹಾಕಿದ್ರೆ ಹೆಚ್ಚು ಬರಬಹುದು. ಇಲ್ಲಿ ಅದಕ್ಕೇ ಒಂದು ಬಗೆಯ ಖಾತೆ ಇದೆ, ಈ ವರ್ಷದಿಂದ ಒಂದೂವರೆ ಲಕ್ಷ ಕ್ರೋನರ್‌ವರೆಗೆ ತೆರಿಗೆಯೂ ಇಲ್ಲ.

ತಂದೆ: ಬರಬಹುದು ಅಂದೆ. ಸಾಲ ತೀರಿಸಿದ್ರೆ ಬರುತ್ತೆ. ಆ ಎರಡು ಮಾತಿನ ನಡುವೆಯೇ ನನ್ನ ಮೂವತ್ತೈದು ವರ್ಷದ ನೌಕರಿ ಕಳೆದಿದ್ದು.

ಮಗಳು: ಇನ್ನೊಂದು ವಿಷಯ. ಅಸಲಿಗೆ ಹಾಕಿದ ದುಡ್ಡು ಗೋಡೆಯೊಳಗೆ ಹೋದ ಹಾಗೆ. ನಾಳೆ ಕೆಲಸ ಹೋಯ್ತು ಅನ್ನಿ. ಕಿಸ್ತಾದಲ್ಲಿ 2023ರಲ್ಲೂ ಹೋದ ವರ್ಷವೂ ಎಷ್ಟು ಜನರನ್ನ ಮನೆಗೆ ಕಳಿಸಿದ್ರು. ಆಗ ಆ ದುಡ್ಡು ವಾಪಸ್ ಬೇಕು ಅಂದ್ರೆ ಮತ್ತೆ ಸಾಲಕ್ಕೆ ಅರ್ಜಿ ಹಾಕಬೇಕು. ಸಂಬಳ ಇಲ್ಲದವರಿಗೆ ಯಾರು ಕೊಡ್ತಾರೆ?

ಇಲ್ಲಿ ತಂದೆ ಆಲೂಗಡ್ಡೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಇದು ಅವರಿಗೆ ಗೊತ್ತಿಲ್ಲದ ವಾದವಲ್ಲ. ಕೌಂಟರಿನ ಆಚೆ ಕುಳಿತವರಿಂದ ಎಷ್ಟೋ ಸಲ ಕೇಳಿದ್ದೇ.

ತಂದೆ: ಅದು ಸರಿಯಾದ ಮಾತು. ನಮ್ಮಲ್ಲಿ ಓವರ್‌ಡ್ರಾಫ್ಟ್ ಥರದ ಹೋಂ ಲೋನ್ ಇದೆ. ಹೆಚ್ಚಿನ ದುಡ್ಡು ಅದರಲ್ಲಿ ಇಟ್ರೆ ಅಷ್ಟಕ್ಕೆ ಬಡ್ಡಿ ಇಲ್ಲ, ಬೇಕಾದಾಗ ತೆಗೀಬಹುದು. ಇಲ್ಲಿ ಅಂಥದ್ದು ಇಲ್ಲ ಅಂದ್ರೆ ಆರು ತಿಂಗಳ ಖರ್ಚನ್ನ ಬೇರೆ ಇಟ್ಟುಕೋ. ಉಳಿದದ್ದನ್ನ ಅಸಲಿಗೆ ಹಾಕು. ಅಲ್ಲ, ನೀನು ಈಗ ಕಟ್ಟೋ ಅಸಲು ಎಷ್ಟು?

ಮಗಳು: ಸಾಲ ಮನೆಯ ಬೆಲೆಯ ನೂರಕ್ಕೆ 70ಕ್ಕಿಂತ ಮೇಲಿದ್ರೆ ವರ್ಷಕ್ಕೆ ಮೊದಲು ತಗೊಂಡ ಸಾಲದ 2 ಪರ್ಸೆಂಟು ಅಸಲು ಕಟ್ಟಲೇಬೇಕು, 2016ರಿಂದ ಬಂದ ನಿಯಮ. ನಮಗೆ ವರ್ಷಕ್ಕೆ 68,000. 70ಕ್ಕೆ ಇಳಿದ ಮೇಲೆ 1 ಪರ್ಸೆಂಟು. 50ಕ್ಕೆ ಇಳಿದ್ರೆ ಕಡ್ಡಾಯ ಇಲ್ಲ.

ತಂದೆ: ಕಡ್ಡಾಯ ಇಲ್ಲ ಅಂದ್ರೆ?

ಮಗಳು: ಅಸಲು ಕಟ್ಟಬೇಕಾಗಿಲ್ಲ. ಬಡ್ಡಿ ಕಟ್ಟಿಕೊಂಡು ಇದ್ರಾಯ್ತು.

ತಂದೆ: ಎಲ್ಲಿಯ ತನಕ?

ಮಗಳು: ಮನೆ ಮಾರೋ ತನಕ. ಮಾರದೇ ಇದ್ರೆ... ಹೀಗೇ. 2016ಕ್ಕಿಂತ ಮುಂಚೆ ಇನ್ನೂ ಸಡಿಲ ಇತ್ತು. ಜನ ತೀರಿಸ್ತಿದ್ದ ವೇಗ ನೋಡಿದ್ರೆ ಸಾಲ ಮುಗಿಯೋಕೆ ನೂರು ವರ್ಷಕ್ಕಿಂತ ಹೆಚ್ಚು ಬೇಕು ಅಂತ ಇಲ್ಲಿನ ಹಣಕಾಸು ನಿಯಂತ್ರಕರೇ ಲೆಕ್ಕ ಹಾಕಿ ಗಾಬರಿಯಾಗಿದ್ರು. ಅದಕ್ಕೇ ಈ ನಿಯಮ ಬಂತು.

ತಂದೆ: ನೂರು ವರ್ಷ! ಯಾರು ಸಹಿ ಹಾಕಿದ್ರು ಅದಕ್ಕೆ? ಸಾಲಕ್ಕೆ ಕೊನೇ ತಾರೀಕು ಇಲ್ಲ ಅಂದ್ರೆ ಅದು ಸಾಲ ಅಲ್ಲ, ಬಾಡಿಗೆ.

ಮಗಳು: ಹೌದು, ಬಾಡಿಗೆಯೇ ಅಂದುಕೊಳ್ಳಿ. ಹೊರಗೆ ಬಾಡಿಗೆಗೆ ಇದ್ರೆ ಕೊಡಬೇಕಾಗಿದ್ದಕ್ಕಿಂತ ಕಡಿಮೆ. ಮನೆ ಬೇಡ ಅಂದ ದಿನ ಮಾರಿ, ಬ್ಯಾಂಕಿನದು ಬ್ಯಾಂಕಿಗೆ, ಉಳಿದದ್ದು ನಮಗೆ. ಇದರಲ್ಲಿ ಅವಮಾನ ಎಲ್ಲಿದೆ?

ತಂದೆ: ಮನೆ ಬೆಲೆ ಇಳಿದ್ರೆ? 2022ರಲ್ಲಿ ಇಳೀತು ಅಂತ ನೀನೇ ಫೋನಿನಲ್ಲಿ ಅಳುಮೋರೆ ಹಾಕಿದ್ದೆ. ಬಡ್ಡಿ ಏರಿದ್ರೆ? ಈ ರಿಕ್ಸ್‌ಬ್ಯಾಂಕ್ ಅನ್ನೋದು 1668ರದ್ದು, ಪ್ರಪಂಚದಲ್ಲೇ ಹಳೇ ಕೇಂದ್ರ ಬ್ಯಾಂಕು. 1992ರ ಸೆಪ್ಟೆಂಬರಿನಲ್ಲಿ ಕ್ರೋನರ್ ಬೆಲೆ ಉಳಿಸೋಕೆ ಬ್ಯಾಂಕುಗಳಿಗೆ ಕೊಡೋ ಒಂದು ರಾತ್ರಿಯ ಸಾಲದ ದರವನ್ನ 500 ಪರ್ಸೆಂಟು ಮಾಡಿದ್ರು. ಐದು ಅಲ್ಲ, ಐನೂರು. ನಾನಾಗ ಬ್ರಾಂಚಿನಲ್ಲಿ ಪೇಪರ್ ಓದಿ ಅಚ್ಚಿನ ತಪ್ಪು ಅಂದುಕೊಂಡೆ. ಎರಡು ತಿಂಗಳಲ್ಲಿ ಕ್ರೋನರ್ ಕೈಬಿಟ್ರು, ಅದು ಬೇರೆ ಕಥೆ.

ಮಗಳು: ಅದೇ ಬ್ಯಾಂಕು 2015ರಿಂದ 2019ರ ತನಕ ದರವನ್ನ ಸೊನ್ನೆಗಿಂತ ಕೆಳಗೂ ಇಟ್ಟಿತ್ತು. ಎರಡೂ ನಡೆದಿದೆ.

ತಂದೆ: ಅದನ್ನೇ ನಾನೂ ಹೇಳೋದು. ಸೊನ್ನೆ ಇದ್ದಾಗ ಜನ ಅದೇ ಶಾಶ್ವತ ಅಂದುಕೊಂಡ್ರು. 2022ರ ಮೇನಿಂದ ಏರೋಕೆ ಶುರುವಾಗಿ 2023ರ ಸೆಪ್ಟೆಂಬರಿಗೆ ನಾಲ್ಕು ಮುಟ್ಟಿತು. ನಿನ್ನದು ಆಗ ಎಷ್ಟಿತ್ತು?

ಮಗಳು: 4.7. ಈಗಿನ ಸಾಲದ ಮೇಲೇ ಲೆಕ್ಕ ಹಾಕಿದ್ರೂ ವರ್ಷಕ್ಕೆ ಐವತ್ನಾಲ್ಕು ಸಾವಿರ ಹೆಚ್ಚು. ಜೊತೆಗೆ ಕಟ್ಟಡದ ಸಂಘಕ್ಕೆ ಕಟ್ಟೋ ಮಾಸಿಕ ಶುಲ್ಕವೂ ಏರಿತು.

ತಂದೆ: ಸಂಘಕ್ಕೆ ಯಾಕೆ?

ಮಗಳು: ಇಲ್ಲಿ ಫ್ಲ್ಯಾಟ್ ಅಂದ್ರೆ ಗೋಡೆ ನಮ್ಮದಲ್ಲ. ಇಡೀ ಕಟ್ಟಡ ಸಹಕಾರ ಸಂಘದ್ದು. ನಾವು ಕೊಂಡಿರೋದು ಈ ಮನೆಯಲ್ಲಿ ಇರೋ ಹಕ್ಕು. ಸಂಘದ ಹೆಸರಿನಲ್ಲೇ ಬೇರೆ ಸಾಲ ಇರುತ್ತೆ. ಅದರ ಬಡ್ಡಿ ಏರಿದ್ರೆ ಎಲ್ಲರ ಶುಲ್ಕ ಏರುತ್ತೆ.

ತಂದೆ: ಅಂದ್ರೆ ನಿನಗೆ ಎರಡು ಸಾಲ. ಒಂದು ನಿನ್ನ ಪಾಸ್‌ಬುಕ್ಕಿನಲ್ಲಿ ಕಾಣುತ್ತೆ, ಇನ್ನೊಂದು ಕಾಣಲ್ಲ. ಕೊಳ್ಳುವಾಗ ಸಂಘದ ಬ್ಯಾಲೆನ್ಸ್ ಶೀಟ್ ಓದಿದ್ಯಾ?

ಮಗಳು: ಅಡುಗೆಮನೆ ನೋಡಿದೆ. ಬಾಲ್ಕನಿ ನೋಡಿದೆ.

ತಂದೆ: ಹೌದೌದು, ಬಿಸಿಲು ನೋಡಿದೆ.

ಇಷ್ಟು ಹೊತ್ತು ಕೇಳಿದ್ದರಲ್ಲಿ ನನಗೆ ಬಹಳ ಬೆಲೆಯದೆನಿಸಿದ ಮಾತು ಇದು. ಬೇಸಿಗೆಯಲ್ಲಿ ಮನೆ ನೋಡಲು ಹೋದವರು ಬೆಳಕಿಗೆ ಮರುಳಾಗುತ್ತಾರೆ, ಸಂಘದ ವಾರ್ಷಿಕ ವರದಿಯನ್ನು ಯಾರೂ ಬಾಲ್ಕನಿಗೆ ಒಯ್ದು ಓದುವುದಿಲ್ಲ. ಚದರ ಮೀಟರಿಗೆ ಸಂಘದ ಸಾಲ ಎಷ್ಟಿದೆ ಎಂದು ನೋಡಿ ಕೊಂಡವರು, ಕೊಂಡಮೇಲೆ ಬಡ್ಡಿಯಲ್ಲಿ ಕಾಲು ಅರ್ಧ ಕಡಿಮೆ ಮಾಡಿಸಿಕೊಂಡವರಿಗಿಂತ ಹೆಚ್ಚು ಉಳಿಸಿದ್ದಾರೆಂದು ನನ್ನ ಊಹೆ.

ತಂದೆ: ಇನ್ನೂ ಬೆಳಕಿದೆ, ಕಾಗದ ತಾ. ನಿನ್ನ ಸಾಲ ಮೂವತ್ತು, ಮನೆಯ ಬೆಲೆ ನಲವತ್ತು, ಅಂದ್ರೆ 75 ಪರ್ಸೆಂಟು. 70ಕ್ಕೆ ಬರೋಕೆ ಎರಡು ಲಕ್ಷ ಬೇಕು. ಈಗಿನ ವೇಗಕ್ಕೆ ಮೂರು ವರ್ಷ ಹಿಡಿಯುತ್ತೆ. ಇದನ್ನ ಒಂದೂವರೆ ವರ್ಷದಲ್ಲಿ ಮುಗಿಸಿದ್ರೆ ಆಮೇಲೆ ಕಡ್ಡಾಯದ ಅಸಲು ಅರ್ಧ ಆಗುತ್ತೆ, 68,000ದಿಂದ 34,000ಕ್ಕೆ. ಕೈ ಸಡಿಲ ಬೇಕು ಅಂತೀಯಲ್ಲ, ಆ ಸಡಿಲ ಅಲ್ಲಿದೆ. ಮೊದಲು ಬಿಗಿ ಮಾಡು.

ಮಗಳು: ಅದಕ್ಕೂ ಮುಂಚೆ ಇನ್ನೊಂದು ದಾರಿ ಇದೆ. ಐದು ವರ್ಷಕ್ಕೊಮ್ಮೆ ಮನೆಗೆ ಹೊಸದಾಗಿ ಬೆಲೆ ಕಟ್ಟಿಸಬಹುದು. ನಲವತ್ಮೂರು ಲಕ್ಷ ಅಂತ ಬಂದ್ರೆ ಒಂದು ಕ್ರೋನರ್ ಕಟ್ಟದೇ 70ಕ್ಕೆ ಇಳಿದ ಹಾಗೆ.

ತಂದೆ: ಇದು ಜಾಣತನ. ಒಪ್ಪಿದೆ. ಬಡ್ಡಿಗೆ ಚೌಕಾಸಿ ಮಾಡ್ತೀಯಾ?

ಮಗಳು: ಮಾಡ್ತೀನಿ. ಬೋರ್ಡಿನ ಮೇಲಿನ ದರಕ್ಕೆ ಇಲ್ಲಿ ಯಾರೂ ಸಾಲ ತಗೊಳ್ಳಲ್ಲ. ತಿಂಗಳು ತಿಂಗಳು ಸರಾಸರಿ ಎಷ್ಟಕ್ಕೆ ಕೊಟ್ವಿ ಅಂತ ಪ್ರತಿ ಬ್ಯಾಂಕೂ 2015ರಿಂದ ಪ್ರಕಟಿಸಲೇಬೇಕು. ಅದನ್ನ ಮುಂದಿಟ್ಟು, ಬೇರೆ ಬ್ಯಾಂಕಿಗೆ ಹೋಗ್ತೀನಿ ಅಂತೀನಿ. ಮೂರು ತಿಂಗಳ ದರದವರು ಬ್ಯಾಂಕ್ ಬಿಟ್ಟು ಹೋದ್ರೆ ದಂಡ ಇಲ್ಲ. ವರ್ಷಗಟ್ಟಲೆ ಒಂದೇ ದರಕ್ಕೆ ಕಟ್ಟಿಹಾಕಿಕೊಂಡವರು ಮಾತ್ರ ಮುಂಚೆ ತೀರಿಸಿದ್ರೆ ಬ್ಯಾಂಕಿಗೆ ನಷ್ಟ ತುಂಬಿಕೊಡಬೇಕಾಗಬಹುದು.

ತಂದೆ: ಬಡ್ಡಿ ವಿಷಯದಲ್ಲಿ ನನ್ನ ಮಗಳೇ. ಖರ್ಚಿನ ವಿಷಯದಲ್ಲಿ ಯಾರ ಮಗಳೋ.

ಮಗಳು: ನಿಮ್ಮ ಸಾಲದ ಕಥೆ ಕೇಳಲಾ? 1991ರಲ್ಲಿ ಮನೆ ಕಟ್ಟಿದ್ರಿ. ಸ್ಟಾಫ್ ಲೋನು, ರಿಯಾಯಿತಿ ದರ, ಅದೂ ಸರಳ ಬಡ್ಡಿ. ಅಂಥ ಅಗ್ಗದ ಸಾಲವನ್ನ ಎಂಟು ವರ್ಷದಲ್ಲಿ ತೀರಿಸಿದ್ರಿ. ಆಗ ನಿಮ್ಮ ಬ್ಯಾಂಕೇ ಎಫ್‌ಡಿಗೆ ಎಷ್ಟು ಕೊಡ್ತಿತ್ತು?

ತಂದೆ: ...ಹನ್ನೆರಡು.

ಮಗಳು: ಅಂದ್ರೆ ಸಾಲವನ್ನ ಹಾಗೇ ಬಿಟ್ಟು ದುಡ್ಡನ್ನ ನಿಮ್ಮದೇ ಕೌಂಟರಿನಲ್ಲಿ ಎಫ್‌ಡಿ ಇಟ್ಟಿದ್ರೆ ಲಾಭ ಇತ್ತು. ಮ್ಯಾನೇಜರಿಗೆ ಗೊತ್ತಿರಲಿಲ್ವಾ?

ತಂದೆ: ಗೊತ್ತಿತ್ತು.

ಮಗಳು: ಗೊತ್ತಿದ್ದೂ ಪ್ರವಾಸಕ್ಕೆ ಅಂತ ಬ್ಯಾಂಕು ಕೊಡೋ ಎಲ್‌ಟಿಸಿಯನ್ನ ದುಡ್ಡು ಮಾಡಿಕೊಂಡು ಸಾಲಕ್ಕೆ ಕಟ್ಟಿದ್ರಿ. ದಾವಣಗೆರೆಯಲ್ಲಿದ್ದುಕೊಂಡು ನಾವು ಜೋಗ ನೋಡಲಿಲ್ಲ ಅಪ್ಪಾಜಿ. ನಾನು ಮೊದಲು ನೋಡಿದ್ದು ಕಾಲೇಜಿನವರ ಜೊತೆ.

ತಂದೆ: ಆ ಕಾಲೇಜಿನ ಫೀಸು ಎಲ್ಲಿಂದ ಬಂತು ಕೇಳಲಿಲ್ಲವಲ್ಲ. ಮನೆಪತ್ರ ನನ್ನ ಕೈಯಲ್ಲಿತ್ತು, ಖುಲ್ಲಾ. 2004ರಲ್ಲಿ ಅದನ್ನೇ ಮತ್ತೆ ಒತ್ತೆ ಇಟ್ಟೆ. ಹಳೇ ಸಾಲ ಹಾಗೇ ಇದ್ದಿದ್ರೆ ನಿನಗೆ ಕೊಡೋಕೆ ನನ್ನ ಹತ್ತಿರ ಏನಿತ್ತು?

ಮಗಳು: ಎಫ್‌ಡಿ ಇರ್ತಿತ್ತು.

ತಂದೆ: ಎಫ್‌ಡಿ ಇರ್ತಿರಲಿಲ್ಲ. ನಿನ್ನ ಸೋದರತ್ತೆ ಮದುವೆಗೆ ಹೋಗಿರೋದು, ಊರಿನ ಬೋರ್‌ವೆಲ್ಲಿಗೆ ಹೋಗಿರೋದು. ಕೈಗೆ ಸಿಗೋ ದುಡ್ಡಿಗೆ ನೆಂಟರು ಹೆಚ್ಚು. ಗೋಡೆಯೊಳಗೆ ಹೋದ ದುಡ್ಡು ಅಂದೆಯಲ್ಲ, ಗೋಡೆ ಕೇಳಿದವರಿಗೆಲ್ಲ ಸಾಲ ಕೊಡಲ್ಲ. ಅದಕ್ಕೇ ಅಲ್ಲಿ ಇಟ್ಟಿದ್ದು.

ಮಗಳು ಇದಕ್ಕೆ ಉತ್ತರ ಕೊಡಲಿಲ್ಲ. ಎದ್ದು ಕಾಫಿಗಿಟ್ಟಳು. ಇಬ್ಬರೂ ಲೆಕ್ಕದಲ್ಲಿ ಗಟ್ಟಿಗರು, ಮತ್ತು ಇಬ್ಬರೂ ಲೆಕ್ಕ ನೋಡಿ ತೀರ್ಮಾನ ಮಾಡಿದವರಲ್ಲ. ಎರಡು ಪರ್ಸೆಂಟಿನ ಸಾಲ ತೀರಿಸುವುದಕ್ಕಿಂತ ಹೂಡಿಕೆ ಮೇಲೆಂದು ವಾದಿಸಿದವಳು ಹಣವನ್ನು ಹೂಡಲು ಹೊರಟಿರಲಿಲ್ಲ, ಕೆಂಪು ಮನೆಯ ಬಾಡಿಗೆಗೆ ಕೊಡಲು ಹೊರಟಿದ್ದಳು. ಬಡ್ಡಿಯ ಉಳಿತಾಯ ಹೇಳಿಕೊಡುತ್ತಿದ್ದವರು ಸ್ವತಃ ನಷ್ಟದ ದಾರಿ ಹಿಡಿದೇ ಸಾಲ ಹರಿದುಕೊಂಡಿದ್ದರು.

ತಂದೆ: ನಮ್ಮ ಎತ್ತಿನ ಹಬ್ಬ ಕಾರ ಹುಣ್ಣಿಮೆ ಆಗಿ ಹತ್ತು ದಿನ ಆಯ್ತು. ಹೋದ ವರ್ಷ ಊರಿಗೆ ಹೋಗಿದ್ದೆ. ಈಗ ಎತ್ತು ಎಲ್ಲಿವೆ, ಎಲ್ಲಾ ಟ್ರ್ಯಾಕ್ಟರು. ಇರೋ ನಾಲ್ಕು ಜೋಡಿಯನ್ನೇ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊಬ್ಬರಿ ಹಾರ ಹಾಕಿ, ಓಡಿಸಿ ಕರಿ ಹರಿಸಿದ್ರು. ಬಿಳಿ ಎತ್ತು ಮುಂದೆ ಬಂದ್ರೆ ಜೋಳ, ಹತ್ತಿ ಚೆನ್ನಾಗಿ ಬರುತ್ತೆ, ಕೆಂದೆತ್ತು ಬಂದ್ರೆ ಕಡಲೆ, ಗೋಧಿ.

ಮಗಳು: ಯಾವುದು ಬಂತು?

ತಂದೆ: ಬಿಳೀದು. ಆಮೇಲೆ ಎಲ್ಲರೂ ಮೆಕ್ಕೆಜೋಳ ಬಿತ್ತಿದ್ರು.

ಮಗಳು: (ನಗುತ್ತ) ಹಬ್ಬ ಹೇಳಿದ್ದು ಒಂದು, ಮಾರ್ಕೆಟ್ ಹೇಳಿದ್ದು ಒಂದು.

ತಂದೆ: ನಗು. ಆದ್ರೆ ಹುಣ್ಣಿಮೆ ಮಾರನೇ ದಿನ ನಿಮ್ಮ ಮುತ್ತಜ್ಜ ಸಾಹುಕಾರರ ಅಂಗಡಿ ಮುಂದೆ ನಿಲ್ತಿದ್ರು, ಬೀಜಕ್ಕೆ. ಸುಗ್ಗಿಗೆ ತೀರಿಸ್ತೀನಿ ಅಂತ. ಆ ಸಾಲಕ್ಕೆ ಕೊನೇ ತಾರೀಕು ಇತ್ತು. ಸುಗ್ಗಿ ತಪ್ಪಿದ ವರ್ಷ ಎರಡು ಎಕರೆ ಹೋಯ್ತು. ನಾನು ಸಾಲ ಅಂದ್ರೆ ಬೆಚ್ಚೋದು ಬ್ಯಾಂಕಿಗೆ ಸೇರಿದ ಮೇಲೆ ಕಲಿತಿದ್ದಲ್ಲ.

ಮಗಳು: ನಿಮ್ಮ ಹಬ್ಬ ಬರೋದು ಬಿತ್ತನೆಯ ಹೊಸ್ತಿಲಲ್ಲಿ ಅಪ್ಪಾಜಿ. ಕೈಯಲ್ಲಿ ಏನೂ ಇರಲ್ಲ, ಮಳೆ ಬರುತ್ತೋ ಇಲ್ಲವೋ ಗೊತ್ತಿರಲ್ಲ. ಇವರದ್ದು ಬಿತ್ತನೆ ಮುಗಿದು ಹುಲ್ಲು ಕೊಯ್ಲಿಗೆ ಇನ್ನೂ ಹೊತ್ತಿರೋ ನಡುವಿನ ಬಿಡುವಿನಲ್ಲಿ. ಹಳೇ ರೈತರಿಗೆ ಬೇಸಿಗೆಯಲ್ಲಿ ಸಿಗ್ತಿದ್ದ ಬಿಡುವು ಅದು. ಅವತ್ತೂ ದುಡಿದ್ರೆ ಮುಂದೆ ದುಡಿಯೋಕೆ ಮೈ ಇರ್ತಿರಲಿಲ್ಲ. ಅದಕ್ಕೇ ನಿಮ್ಮ ಹಬ್ಬ ಸಿದ್ಧವಾಗು ಅನ್ನುತ್ತೆ, ಇವರ ಹಬ್ಬ ಕೂತ್ಕೋ ಅನ್ನುತ್ತೆ.

ತಂದೆ: ಕೂತ್ಕೊಳ್ಳಲಿ, ಬೇಡ ಅನ್ನಲ್ಲ. ಆದ್ರೆ ಇವತ್ತು ಕುಣಿದವರಿಗೆ ನಾಳೆಯಿಂದ ಹಗಲು ಇಳಿಯುತ್ತೆ ಅಂತ ಗೊತ್ತಿಲ್ವಾ?

ಮಗಳು: ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟು ಜನ ನನಗೇ ಹೇಳಿದ್ದಾರೆ, ಇನ್ನು ಕತ್ತಲು ಶುರು ಅಂತ, ಕೈಯಲ್ಲಿ ಸ್ಟ್ರಾಬೆರಿ ಹಿಡ್ಕೊಂಡೇ. ಗೊತ್ತಿದ್ದೇ ಕುಣೀತಾರೆ. ಬಡ್ಡಿ ಮತ್ತೆ ಏರುತ್ತೆ ಅಂತ ನನಗೂ ಗೊತ್ತು. ಏರೋದಕ್ಕೆ ಹೆದರಿ ಇಳಿದ ವರ್ಷವನ್ನೂ ಏರಿದ ವರ್ಷದ ಥರ ಬದುಕಿದ್ರೆ ಇಳಿದು ಏನು ಬಂತು?

ತಂದೆ: ಏರಿದ ವರ್ಷ ತಡ್ಕೊಳ್ಳೋಕೆ ಆಗುತ್ತೆ. 4.7 ಇದ್ದಾಗ ನೀವು ಹೇಗೆ ಕಟ್ಟಿದ್ರಿ, ಹೇಳು.

ಮಗಳು: ಊರಿಗೆ ಬರೋದನ್ನ ಬಿಟ್ವಿ. ಎರಡು ವರ್ಷ.

ತಂದೆ: ನೋಡು. ನಿಮ್ಮಮ್ಮ ಆ ಎರಡು ವರ್ಷ ಎಣಿಸಿದ್ದು ಬಡ್ಡಿ ಅಲ್ಲ.

ಮಗಳು: ಅದಕ್ಕೇ ಅಪ್ಪಾಜಿ ನಾನು ಹೇಳ್ತಿರೋದು. ಮುಂದಿನ ಜೂನ್‌ನಲ್ಲಿ ನೀವಿಬ್ಬರೂ ಬನ್ನಿ. ಲೆಕ್ಸಾಂಡಿನ ಆ ಮನೆ ಬುಕ್ ಮಾಡಬೇಕು ಅಂದದ್ದು ಯಾರಿಗೆ ಅಂದುಕೊಂಡ್ರಿ? ಅಮ್ಮನಿಗೆ ಮಂಡಿ ನೋವು, ಈ ಮೂರನೇ ಮಹಡಿಯಲ್ಲಿ ಲಿಫ್ಟ್ ಇದೆ ಅಂದ್ರೂ ಕೂತು ಕೂತು ಬೇಜಾರಾಗುತ್ತೆ. ಅಲ್ಲಿ ಅಂಗಳ ಇದೆ. ಏಳು ಹೂವು ಕಿತ್ತು ದಿಂಬಿನ ಕೆಳಗೆ ಇಟ್ಟು ಮಲಗಿದ್ರೆ ಮದುವೆಯಾಗೋ ಗಂಡು ಕನಸಿನಲ್ಲಿ ಬರ್ತಾನೆ ಅಂತಾರೆ ಇಲ್ಲಿ, ಮಾತಾಡದೇ ಕೀಳಬೇಕು.

ತಂದೆ: ನಿಮ್ಮಮ್ಮ ಮಾತಾಡದೇ ಏಳು ಹೂವು? ಎರಡನೇದಕ್ಕೇ ನಿಯಮ ಮುರೀತಾಳೆ. ಮುರಿಯದೇ ಇದ್ರೂ ಕನಸಿನಲ್ಲಿ ನಾನೇ ಬಂದ್ರೆ ಬೇಜಾರು ಮಾಡ್ಕೋತಾಳೆ.

ಒಳಗಿನಿಂದ ಮೊಮ್ಮಗನ ದನಿ ಬಂತು: ಬೆಳಕಿದೆ, ಮಲಗಲ್ಲ. ಅಳಿಯನ ದನಿ: ಪರದೆ ಮುಟ್ಟಬೇಡ.

ತಂದೆ: ಟಿಕೆಟ್ಟು ನಮ್ಮದು ನಾವು ತಗೋತೀವಿ. ಆದ್ರೆ ಒಂದು. 70 ಪರ್ಸೆಂಟಿಗೆ ಇಳಿಯೋ ತನಕ ಹಳೇ ಕಂತು ಇಳಿಸಬೇಡ.

ಮಗಳು: ಹಾಗಾದ್ರೆ ಮನೆ ಬಾಡಿಗೆ ಎಲ್ಲಿಂದ ತರಲಿ? ಅದು ಬಡ್ಡಿಯ ದುಡ್ಡು.

ತಂದೆ: ಅದು ನಿನಗೆ ಬಿಟ್ಟಿದ್ದು. ಫಂಡಿನಿಂದ ತೆಗಿ.

ಮಗಳು: ಫಂಡು ಮುಟ್ಟಲ್ಲ.

ತಂದೆ: ನಾನೂ ಆಗ ಹಾಗೇ ಅಂತಿದ್ದೆ, ನೀನು ಜೋಗಕ್ಕೆ ಹೋಗೋಣ ಅಂದಾಗ. ಇರಲಿ. ಆ ಮನೆಗೆ ವಾರಕ್ಕೆ ಎಷ್ಟಂತೆ?

ಮಗಳು: ಎಂಟು ಸಾವಿರ.

ತಂದೆ: ಚೌಕಾಸಿ ಮಾಡಿದ್ಯಾ?

ಮಗಳು: ಮಿಡ್‌ಸೊಮ್ಮಾರ್ ವಾರಕ್ಕೆ ಯಾರೂ ಕಡಿಮೆ ಮಾಡಲ್ಲ ಅಪ್ಪಾಜಿ. ಎಲ್ಲರೂ ಅದೇ ವಾರ ಕೇಳ್ತಾರೆ.

ತಂದೆ: ಕೇಳಿ ನೋಡು. ಬುಧವಾರ ಬಡ್ಡಿ ಇಳಿದಿದೆ ಅನ್ನು. ಆ ಮನೆಯವರಿಗೂ ಒಂದು ಸಾಲ ಇರುತ್ತೆ.